ನಾಲ್ಕು ಗಂಟೆಯ ಗಾಳಿ

ಜೈತುನಬಿಯ ಗಂಡ ದಾವಲಸಾಬ ತೀರಿಕೊಂಡ ದಿನ ನಾನು ಅವರ ಮನೆಗೆ ಹೋದದ್ದು ದುಃಖದಲ್ಲಿ ಭಾಗಿಯಾಗಲಿಕ್ಕಲ್ಲ, ಸಂಜೆ ನಾಲ್ಕಕ್ಕೆ ಕಲಾಯಿ ಯಾರು ಹಾಕುತ್ತಾರೆ ಎಂದು ಕೇಳಲಿಕ್ಕೆ. ಬೇರೆ ಊರಿನವರಿಗೆ ಇದನ್ನು ಹೇಳಿದರೆ ನನ್ನನ್ನು ಕಲ್ಲೆದೆಯವಳು ಎಂದಾರು. ನಮ್ಮೂರಿನಲ್ಲಿ ಯಾರೂ ಹಾಗೆನ್ನಲಿಲ್ಲ. ಅಂಗಳದಲ್ಲಿ ಸೇರಿದ್ದವರಲ್ಲಿ ಅರ್ಧ ಮಂದಿ ನಾನು ಬರುವುದನ್ನೇ ಕಾಯುತ್ತಿದ್ದರು. ಅವರ ಕಣ್ಣು ಒಂದು ಸಲ ಹೆಣದ ಕಡೆ ಹೋದರೆ ಎರಡು ಸಲ ಗೋಡೆಯ ಗಡಿಯಾರದ ಕಡೆ ಹೋಗುತ್ತಿತ್ತು.

ಆಗ ನಾನು ಗಾಳಿ ಕಚೇರಿಯಲ್ಲಿ ಮೂಗಿನ ಗುಮಾಸ್ತೆ. ಕಚೇರಿ ಎಂದರೆ ಸಂತೆಪೇಟೆಯ ಹಿಂದೆ ಎರಡು ಕೋಣೆ, ಒಂದು ಫೋನು, ಒಬ್ಬ ಸಾಹೇಬರು, ನಾನು. ಶುಕ್ರಗ್ರಹದ ಸುತ್ತ ತಿರುಗಿ ಅಲ್ಲಿನ ಗಾಳಿಯನ್ನು ನೋಡಲಿಕ್ಕೆಂದು ನೌಕೆ ಕಳಿಸಿದವರು, ಅದು ಹಾರುವ ಮೊದಲು, ಮಾಘದ ಒಂದು ಬುಧವಾರ ನಮ್ಮೂರಿಗೆ ಬಂದಿದ್ದರು. ಸಂತೆಪೇಟೆಯ ನಡುವೆ ನಿಂತು, ಸರಿಯಾಗಿ ನಾಲ್ಕಕ್ಕೆ ಒಂದು ಗಾಜಿನ ಬುರುಡೆಯಲ್ಲಿ ನಮ್ಮ ಗಾಳಿ ತುಂಬಿ, ಬಾಯಿ ಬೆಸೆದುಕೊಂಡು ಹೋದರು. ಶುಕ್ರನ ಅಂಚಿನ ಬೆಳಕು ಅಲ್ಲಿನ ಗಾಳಿಯನ್ನು ದಾಟಿ, ಆಮೇಲೆ ಈ ಬುರುಡೆಯನ್ನೂ ದಾಟಿ ನೌಕೆಯ ಕಣ್ಣಿಗೆ ಬೀಳಬೇಕು. ಪ್ರತಿಯೊಂದು ಗಾಳಿಯೂ ಬೆಳಕಿನ ಮೇಲೆ ತನ್ನದೇ ಕಪ್ಪು ಗೆರೆ ಎಳೆಯುತ್ತದಂತೆ. ನಮ್ಮೂರಿನ ಗೆರೆಗಳು ಇವು ಇವು ಎಂದು ಮೊದಲೇ ಗೊತ್ತಿರುತ್ತದೆ. ಅವನ್ನು ಹೊಡೆದು ಹಾಕಿದರೆ ಉಳಿದದ್ದು ಶುಕ್ರನದು. ಇಷ್ಟೇ ಅವರ ಲೆಕ್ಕ. ಆದರೆ ನೌಕೆ ಅಲ್ಲಿಗೆ ಮುಟ್ಟಿ ಸುತ್ತಲಾರಂಭಿಸಿದ ಎರಡನೇ ವಾರ ಇಲ್ಲಿ ಗಾಣದ ಓಣಿಯಲ್ಲಿ ಸೀಮೆಎಣ್ಣೆಯ ಡಬ್ಬಿ ಉರುಳಿತು. ಅಲ್ಲಿ, ಬಾಯಿ ಬೆಸೆದ ಬುರುಡೆಯಲ್ಲಿ, ಸೀಮೆಎಣ್ಣೆಯ ಗೆರೆ ಮೂಡಿತು. ಆಮೇಲೆ ಹತ್ತು ಸಲ ಪರೀಕ್ಷೆ ಮಾಡಿ ನೋಡಿದರು. ನಾಲ್ಕರ ಹೊತ್ತಿಗೆ ನಮ್ಮೂರಿನಲ್ಲಿ ಯಾವ ಗಾಳಿಯೋ ಬುರುಡೆಯಲ್ಲೂ ಅದೇ ಗಾಳಿ.

ಹಾಗಾಗಿ ದಿನಾಲೂ ನಾಲ್ಕಕ್ಕೆ ಊರು ಆ ಬುಧವಾರದಂತೆಯೇ ಇರಬೇಕೆಂದು ಗೊತ್ತಾಯಿತು. ಆ ದಿನ ಗುರುಪಾದಪ್ಪನ ಬೇಕರಿಯಲ್ಲಿ ಒಂದು ತಟ್ಟೆ ಬನ್ನು ಸುಟ್ಟು ಕರಕಲಾಗಿತ್ತು; ಹಾಗಾಗಿ ಅವನು ದಿನವೂ ಒಂದು ತಟ್ಟೆ ಬನ್ನು ಸುಡಬೇಕು. ಗಾಣದವರು ಕುಸುಬೆಯನ್ನೇ ಅರೆಯಬೇಕು. ಆ ದಿನ ಶಾಲೆಯ ಬಾಗಿಲಿಗೆ ಹಸಿರು ಬಣ್ಣ ಬಳಿದಿದ್ದರು. ದಿನಕ್ಕೊಂದು ಕೈ ಬಳಿದು ಬಳಿದು ಬಾಗಿಲು ದಪ್ಪವಾಗಿ, ನಾಲ್ಕನೇ ವರ್ಷದ ಹೊತ್ತಿಗೆ ಮುಚ್ಚಲಿಕ್ಕೇ ಬರದಂತಾಯಿತು. ಮಾವಿನ ಕಾಲದಲ್ಲಿ ಹಣ್ಣಿನ ಬುಟ್ಟಿಗಳನ್ನು ಮೂರೂವರೆಗೆ ಊರಾಚೆ ಒಯ್ದು ಐದಕ್ಕೆ ತರುತ್ತಿದ್ದರು. ಮದುವೆಮನೆಯವರು ಒಗ್ಗರಣೆಯನ್ನು ಮೂರರೊಳಗೆ ಮುಗಿಸಿಬಿಡುತ್ತಿದ್ದರು. ಮಳೆ ಬಂದರೆ ನೌಕೆಗೂ ರಜೆ, ನಮಗೂ ರಜೆ. ಒಟ್ಟು ಇಪ್ಪತ್ತಮೂರು ವಾಸನೆಗಳು. ಅವುಗಳ ಪಟ್ಟಿ ಹಿಡಿದು ಓಣಿ ಓಣಿ ತಿರುಗಿ, ಮೂಸಿ, ಸರಿಯಿದ್ದರೆ ಗುರುತು ಹಾಕುವುದು ನನ್ನ ಕೆಲಸ. ಉಳಿದ ಹೊತ್ತು ಊರು ತನ್ನ ಪಾಡಿಗೆ ತಾನಿರುತ್ತಿತ್ತು. ಜನರಿಗೆ ಇದು ಬಲು ಬೇಗ ರೂಢಿಯಾಯಿತು. ಹಲ್ಲುಜ್ಜುವುದು ರೂಢಿಯಾಗುವುದಿಲ್ಲವೇ, ಹಾಗೆ.

ಪಟ್ಟಿಯಲ್ಲಿ ಒಂಬತ್ತನೆಯದು ದಾವಲಸಾಬನ ಕಲಾಯಿ. ಆ ಬುಧವಾರ ಅವನು ತನ್ನ ಅಂಗಳದಲ್ಲಿ ಒಂದು ತಾಮ್ರದ ಕೊಪ್ಪರಿಗೆಗೆ ಕಲಾಯಿ ಹಾಕುತ್ತಿದ್ದ. ಕಾದ ಪಾತ್ರೆಗೆ ನವಸಾಗರದ ಪುಡಿ ಉದುರಿಸಿದಾಗ ಏಳುವ ಬಿಳಿ ಹೊಗೆ ಮೂಗಿನ ಬುಡಕ್ಕೆ ಸೂಜಿಯಂತೆ ನಾಟುತ್ತದೆ. ಅದನ್ನು ಒಮ್ಮೆ ಮೂಸಿದವರು ಮರೆಯುವುದಿಲ್ಲ. ಊರು ಸ್ಟೀಲಿನ ಪಾತ್ರೆಗೆ ಹೊರಳಿ ಎಷ್ಟೋ ವರ್ಷವಾಗಿತ್ತು. ಗಿರಾಕಿಗಳಿಲ್ಲದೆ ಕೂತಿದ್ದವನಿಗೆ ನೌಕೆಯೇ ಗಿರಾಕಿಯಾಯಿತು. ಅದೇ ಕೊಪ್ಪರಿಗೆಯನ್ನು ಉಜ್ಜಿ, ಕಾಸಿ, ತವರ ಸವರಿ, ಮರುದಿನ ಮತ್ತೆ ಉಜ್ಜುತ್ತಿದ್ದ. ಒಮ್ಮೆ ಅವನಿಗೆ ಎರಡು ದಿನ ಜ್ವರ ಬಂದಾಗ ಪಕ್ಕದೂರಿನಿಂದ ಬೇರೆ ಕಲಾಯಿಗಾರನನ್ನು ಕರೆಸಿದ್ದೆವು. ಅವನು ನವಸಾಗರವನ್ನು ಮುಷ್ಟಿಗಟ್ಟಲೆ ಎರಚಿದ. ಅಲ್ಲಿ ಗೆರೆ ದಪ್ಪಗಾಗಿ, ಆ ಎರಡು ದಿನದ ಬೆಳಕೆಲ್ಲ ಕಸಕ್ಕೆ ಹೋಯಿತು.

ನೌಕೆ ಸುತ್ತತೊಡಗಿದ ಎರಡನೇ ವರ್ಷ, ಬೆಳಗಿನ ನಮಾಜಿಗೆಂದು ಎದ್ದ ದಾವಲಸಾಬ ಕೈಕಾಲು ತೊಳೆಯುತ್ತಲೇ ಕುಸಿದ. ಮಗಳು ಶಮೀನಾ ಗಂಡನ ಊರಿನಿಂದ ಬಸ್ಸಿನಲ್ಲಿ ಬರಬೇಕಿತ್ತು, ಹಾಗಾಗಿ ನಾಲ್ಕಕ್ಕೆ ಜನಾಜಾ ಎತ್ತುವುದೆಂದು ಹಿರಿಯರು ನಿಶ್ಚಯಿಸಿದ್ದರು. ನಾನು ಬಾಗಿಲಲ್ಲಿ ನಿಂತೆ. ಒಳಗೆ ಹೆಂಗಸರ ನಡುವೆ ಕುಳಿತಿದ್ದ ಜೈತುನಬಿ ತಲೆಯೆತ್ತಿ ನನ್ನನ್ನು ನೋಡಿದಳು. ಆಗಿನ್ನೂ ನನಗೆ ಅವಳ ಪರಿಚಯ ಅಷ್ಟಿರಲಿಲ್ಲ. ಒರಳಿನಲ್ಲಿ ನವಸಾಗರ ಕುಟ್ಟುತ್ತ ಒಂದು ಮೂಲೆಯಲ್ಲಿ ಕೂತಿರುತ್ತಿದ್ದ, ಕಡಿಮೆ ಮಾತಿನ ಹೆಂಗಸು, ಅಷ್ಟೇ.

“ಯಾಕ ಬಂದೀ ಅಂತ ಗೊತ್ತೈತವ್ವ,” ಎಂದಳು. “ಗಂಟೆ ಎಷ್ಟಾತು?”

ಮೂರು ಹತ್ತು ಎಂದೆ. ಅವಳು ಎದ್ದಳು. ಹೆಂಗಸರು ಸೆರಗು ಹಿಡಿದರು. ಗಂಡ ಸತ್ತವಳು ಹೊಸ್ತಿಲು ದಾಟಬಾರದು ಎಂದರು. ಅಂಗಳವೂ ಮನೆಯೇ, ತಾನು ಹೊಸ್ತಿಲು ದಾಟುತ್ತಿಲ್ಲ ಎಂದು ಅವಳು ತಗ್ಗಿದ ದನಿಯಲ್ಲಿ ಹೇಳಿದಳು. ಆಮೇಲೆ ಗಂಡಸರು ನಿಂತಿದ್ದ ಕಡೆ ತಿರುಗಿ, “ಐದಕ್ಕ ಎತ್ರಿ. ಅವರು ದಿನಾ ಕೆಲಸ ಮುಗಿಸೇ ಎದ್ದವರು,” ಎಂದಳು. ಹಿರಿಯರು ಐದಕ್ಕೆ ಒಪ್ಪಿದರು.

ಕುಣಿಒಲೆಗೆ ಇದ್ದಿಲು ಸುರಿದು ತಿದಿ ಒತ್ತಿದಳು. ಇಷ್ಟು ವರ್ಷ ಪುಡಿ ಕುಟ್ಟಿಕೊಟ್ಟವಳಾದ್ದರಿಂದ ಅಳತೆ ಅವಳ ಬೆರಳಿನಲ್ಲೇ ಇತ್ತು. ಮೂರು ಚಿಟಿಕೆ, ಮೇಲೊಂದು ಅರೆ ಚಿಟಿಕೆ. ಆದರೆ ಕಾದ ಕೊಪ್ಪರಿಗೆಯನ್ನು ಇಕ್ಕಳದಲ್ಲಿ ತಿರುಗಿಸುವುದು ಅಭ್ಯಾಸವಿರಲಿಲ್ಲ, ಮುಂಗೈ ಸುಟ್ಟುಕೊಂಡಳು. ಅಳಲಿಲ್ಲ, ನಿಲ್ಲಿಸಲೂ ಇಲ್ಲ. ನಾಲ್ಕಕ್ಕೆ ಸರಿಯಾಗಿ ಬಿಳಿ ಹೊಗೆ ಎದ್ದು, ಬಟ್ಟೆ ಹೊದಿಸಿ ಮಲಗಿಸಿದ್ದ ದಾವಲಸಾಬನ ಮೇಲೆ ಹಾದು, ಗೋಡೆ ದಾಟಿ ಸಂತೆಪೇಟೆಯ ಕಡೆ ಹೋಯಿತು. ಅಂಗಳದಲ್ಲಿದ್ದವರೆಲ್ಲ ಕಣ್ಣೊರೆಸಿಕೊಂಡರು. ಹೊಗೆಗೆ ಯಾರು, ದುಃಖಕ್ಕೆ ಯಾರು ಎಂದು ಹೇಳಲು ಬರುವಂತಿರಲಿಲ್ಲ. ನಾನು ಒಂಬತ್ತನೆಯದರ ಮುಂದೆ ಗುರುತು ಹಾಕಿದೆ. ಐದಕ್ಕೆ ಜನಾಜಾ ಎದ್ದಿತು. ಆ ದಿನದ ಗೆರೆ ಒಂದು ಕೂದಲೆಳೆಯೂ ಕದಲಿಲ್ಲ ಎಂದು ಸಂಜೆ ನೌಕೆ ಕಳಿಸಿದವರ ಕೇಂದ್ರದಿಂದ ಫೋನು ಬಂತು. ನಾನು ಹೋಗಿ ಹೇಳಿದೆ. ಅವಳು ತಲೆಯಾಡಿಸಿದಳು.

ಅಲ್ಲಿಂದ ಅದು ಅವಳ ಕೆಲಸವಾಯಿತು. ಪಟ್ಟಿ ಮುಗಿಸಿ ಬಂದು ನಾನು ಅವಳ ಕಟ್ಟೆಯ ಮೇಲೆ ಕೂರುತ್ತಿದ್ದೆ. ಅವಳು ಚಹಾ ಕೊಡುತ್ತಿದ್ದಳು. ನಾನು ಅವಳನ್ನು ಚಾಚಿ ಎನ್ನತೊಡಗಿದೆ, ಅವಳು ನನ್ನನ್ನು ಇಂದವ್ವ ಎಂದಳು. ದಾವಲಸಾಬ ಕೊಪ್ಪರಿಗೆಯೊಳಗೆ ಇಳಿದು, ಕಾಲಡಿಯಲ್ಲಿ ಮರಳು ಹಾಕಿಕೊಂಡು, ಸೊಂಟ ತಿರುವುತ್ತ ಉಜ್ಜುತ್ತಿದ್ದನಂತೆ. ಮದುವೆಯಾಗಿ ಬಂದ ಹೊಸದರಲ್ಲಿ ಅದನ್ನು ನೋಡಿ ಅವಳು ನಕ್ಕುಬಿಟ್ಟಿದ್ದಳಂತೆ. ಅವನು ಮೂರು ದಿನ ಮಾತು ಬಿಟ್ಟಿದ್ದ. ಈಗ ಹೊಗೆ ಏಳುವ ಆ ಒಂದು ಗಳಿಗೆ ಮಾತ್ರ ಅವನು ಅಂಗಳದಲ್ಲೇ ಇದ್ದಾನೆ ಅನ್ನಿಸುತ್ತದೆ, ಹೊಗೆ ಹೋದ ಮೇಲೆ ಇಲ್ಲ ಅನ್ನಿಸುತ್ತದೆ ಎಂದು ಒಂದು ದಿನ ಹೇಳಿದಳು. ಕೇಂದ್ರದವರು ಉಳಿದ ಗೆರೆಗಳಿಗೆಲ್ಲ ಅಂಕಿ ಕೊಟ್ಟು, ಇದೊಂದನ್ನು ಮಾತ್ರ ತಮ್ಮತಮ್ಮಲ್ಲಿ ದಾವಲ ಗೆರೆ ಎಂದು ಕರೆಯುತ್ತಿದ್ದರು. ಆ ಸುದ್ದಿ ನನ್ನ ಬಾಯಿಂದ ಬಿದ್ದ ದಿನ ಅವಳು ಅದನ್ನು ಒಂದು ಕಾಗದದಲ್ಲಿ ಬರೆಸಿಕೊಂಡಳು. ಓದು ಬಾರದವಳು ಆ ಕಾಗದವನ್ನು ನಿಕಾಹದ ಕಾಗದದ ಜೊತೆ ಟ್ರಂಕಿನಲ್ಲಿಟ್ಟಳು. ಸಂಜೆ ಪಡುವಣದಲ್ಲಿ ಶುಕ್ರ ಕಾಣುವ ತಿಂಗಳುಗಳಲ್ಲಿ ನೀರು ಸೇದುತ್ತ ಒಂದಿಷ್ಟು ಹೊತ್ತು ಅತ್ತ ನೋಡುತ್ತಿದ್ದಳು. ಅವನ ಹೊಗೆ ಅಲ್ಲಿದೆ ಎಂಬುದು ಅವಳಿಗೆ ನಂಬಿಕೆಯೂ ಆಗಿರಲಿಲ್ಲ, ಆಸೆಯೂ ಆಗಿರಲಿಲ್ಲ, ಗೊತ್ತಿರುವ ಸಂಗತಿಯಾಗಿತ್ತು.

ಇದಕ್ಕಾಗಿ ಅವಳು ಕಳೆದುಕೊಂಡದ್ದೂ ಇತ್ತು. ಮಗಳ ಊರು ಆರು ಗಂಟೆಯ ಬಸ್ಸಿನ ದಾರಿ. ಬೆಳಿಗ್ಗೆ ಹೋದರೆ ನಾಲ್ಕಕ್ಕೆ ಮರಳುವಂತಿರಲಿಲ್ಲ. ಹಾಗಾಗಿ ಅವಳು ಒಮ್ಮೆಯೂ ಹೋಗಲಿಲ್ಲ. ಎರಡು ಬಾಣಂತನಕ್ಕೂ ಶಮೀನಾಳೇ ಬಂದಳು. ಎರಡನೆಯ ಸಲ ಬಂದಾಗ, ಸತ್ತವನ ಹೊಗೆಗಾಗಿ ಇದ್ದವರನ್ನು ಬಿಟ್ಟಿದ್ದೀ ಎಂದು ಮಗಳು ಆಡಿ ಹೋದಳು. ಅಂದಿನಿಂದ ಶಮೀನಾಳ ಪತ್ರಗಳು ಕಡಿಮೆಯಾದವು.

ನಾಲ್ಕನೇ ವರ್ಷ ಕೆಮ್ಮು ಶುರುವಾಯಿತು. ಮೊದಮೊದಲು ಒದ್ದೆ ಬಟ್ಟೆ ಮುಖಕ್ಕೆ ಕಟ್ಟಿಕೊಂಡು ಕೆಲಸ ಮಾಡಿದಳು. ಡಾಕ್ಟರು ಎದೆಗೆ ಕಿವಿಗೊಟ್ಟು ಕೇಳಿ, ಈ ಹೊಗೆ ನಿಲ್ಲಬೇಕು ಎಂದರು. ನಿಲ್ಲಿಸಿದರೆ ಏನಾಗುತ್ತದೆಂದು ಅವರಿಗೂ ಗೊತ್ತಿತ್ತು. ಅವರೂ ಇದೇ ಊರಿನವರು. ಔಷಧಿ ಬರೆದುಕೊಟ್ಟು ಸುಮ್ಮನಾದರು. ಏಳನೇ ವರ್ಷ, ಮೊಹರಂ ಮುಗಿದ ಮರುದಿನ, ನಾನು ಪಟ್ಟಿ ಹಿಡಿದು ಹೋದಾಗ ಅವಳು ಒಲೆಯ ಪಕ್ಕದಲ್ಲಿ ಗೋಡೆಗೊರಗಿ ಕೂತಿದ್ದಳು. ಇದ್ದಿಲು ಇನ್ನೂ ಕೆಂಪಾಗಿರಲಿಲ್ಲ. ತುಟಿ ನೀಲಿಯಾಗಿತ್ತು. “ಸ್ವಲ್ಪ ಕುಂತು ಹಾಕ್ತೀನಿ,” ಎಂದಳು. ಕೂತಿದ್ದಂತೆಯೇ ನಾಲ್ಕು ಹೊಡೆಯಿತು. ನಾನು ಅವಳ ಮುಖ ನೋಡಿದೆ, ಪಟ್ಟಿ ನೋಡಿದೆ, ಒಂಬತ್ತನೆಯದರ ಮುಂದೆ ಗುರುತು ಹಾಕಿದೆ. ಒಂದು ದಿನದ ಮಾತು ಎಂದುಕೊಂಡೆ. ಆ ಸಂಜೆಯ ಫೋನಿನಲ್ಲಿ ಯಾವ ತಕರಾರೂ ಬರಲಿಲ್ಲ.

ಮರುದಿನ ನಾನೇ ಅವಳಿಗೆ ಒಲೆ ಹಚ್ಚಬೇಡ ಎಂದೆ. ಕಚೇರಿಗೆ ಹೋಗಿ ಫೋನಿನ ಮುಂದೆ ಕೂತು ಅದು ಹೊಡೆದುಕೊಳ್ಳುವುದನ್ನೇ ಕಾದೆ. ಎಂದಿನಂತೆ ಆರಕ್ಕೆ ಫೋನು ಬಂತು: ಎಲ್ಲ ಸರಿಯಿದೆ, ಇಪ್ಪತ್ತಮೂರೂ ಬಂದಿವೆ. ಅದರ ಮರುದಿನವೂ ಹಾಗೇ. ಒಂದು ವಾರ, ಒಂದು ತಿಂಗಳು. ಇಷ್ಟು ವರ್ಷದ ಹೊಗೆ ಅಂಗಳದ ಮಣ್ಣಿಗೆ ಇಂಗಿದೆ, ಅದೇ ಸಾಕಾಗುತ್ತಿರಬೇಕು ಎಂದು ನಾನು ನನಗೇ ಹೇಳಿಕೊಂಡೆ. ಅಲ್ಲಿನವರು ಈಗೀಗ ಸರಿಯಾಗಿ ನೋಡುತ್ತಿಲ್ಲ ಎಂದು ಅವಳು ಅಂದುಕೊಂಡಳು. ಬೇಕಾದ ಕಾರಣ ಒಂದು ಕೈಗೆ ಸಿಕ್ಕರೆ ಮನುಷ್ಯ ಇನ್ನೊಂದನ್ನು ಹುಡುಕುವುದಿಲ್ಲ. ಅವಳ ಕೆಮ್ಮು ಇಳಿಯಿತು. ಆದರೂ ಮಗಳ ಮನೆಗೆ ಹೋಗಿ ಬಾ ಎಂದರೆ ಒಪ್ಪಲಿಲ್ಲ. ಹೋದರೆ ಊರಿಗೆ ಗೊತ್ತಾಗುತ್ತದೆ, ಗುಮಾಸ್ತೆಯಾದ ನನ್ನ ಕೆಲಸ ಹೋಗುತ್ತದೆ ಎಂಬ ಅಂಜಿಕೆ ಅವಳಿಗೆ. ನಾಲ್ಕಕ್ಕೆ ತಣ್ಣನೆಯ ಒಲೆಯ ಮುಂದೆ ಬಂದು ಕೂತು, ಹೊತ್ತು ಕಳೆದ ಮೇಲೆ ಏಳುತ್ತಿದ್ದಳು. ಹೊಗೆಯಿದ್ದಾಗ ಹೇಗೆ ಕಟ್ಟಿಬಿದ್ದಿದ್ದಳೋ ಇಲ್ಲದಾಗಲೂ ಹಾಗೆಯೇ.

ಹೀಗೆ ಐದು ತಿಂಗಳು ಕಳೆದ ಮೇಲೆ ಕೇಂದ್ರದಿಂದ ಅನಂತಶಯನರು ಬಂದರು. ಏಳು ವರ್ಷ ನಮ್ಮೂರಿನ ಗೆರೆಗಳನ್ನು ನೋಡುತ್ತ ಕೂತಿದ್ದ ವಿಜ್ಞಾನಿ ಅವರೇ. ಊರನ್ನು ಕಣ್ಣಾರೆ ನೋಡಿದ್ದು ಮಾತ್ರ ಅದೇ ಮೊದಲು. ನೌಕೆಯ ಇಂಧನ ತೀರುತ್ತಾ ಬಂದಿತ್ತು. ಇನ್ನು ಹತ್ತು ದಿನದಲ್ಲಿ ಅದು ಇಳಿದು ಇಳಿದು ಶುಕ್ರನ ಮೋಡಗಳಲ್ಲಿ ಮುಳುಗುವುದಿತ್ತು. ಅದಕ್ಕೆ ಮೊದಲು ಊರಿನವರಿಗೆ ಕೃತಜ್ಞತೆ ಹೇಳಿ ಹೋಗೋಣವೆಂದು ಬಂದಿದ್ದರು. ತೆಳ್ಳಗಿನ, ಐವತ್ತರ ಆಸುಪಾಸಿನ ಮನುಷ್ಯ. ಏಳು ವರ್ಷದ ಕರಕು ವಾಸನೆ ಹಿಡಿದಿದ್ದ ಗುರುಪಾದಪ್ಪನ ಬೇಕರಿಯ ಮುಂದೆ ಕಣ್ಣು ಮುಚ್ಚಿ ನಿಂತು, ಇದು ಹದಿನಾರು ಎಂದರು. ಗಾಣದ ಮುಂದೆ, ಇದು ನಾಲ್ಕು ಎಂದರು. ಪತ್ರದಲ್ಲಿ ಮಾತ್ರ ಪರಿಚಯವಿದ್ದ ನೆಂಟರ ಮನೆಗೆ ಮೊದಲ ಸಲ ಬಂದವರ ಹಾಗೆ ಅವರ ಮುಖ ಅರಳಿತ್ತು. ಒಂಬತ್ತನೆಯದನ್ನು ನಾನು ಕೊನೆಗೆ ಉಳಿಸಿಕೊಂಡಿದ್ದೆ. ಮೂರು ಗಂಟೆಗೆ ಅವರನ್ನು ಜೈತುನಬಿಯ ಮನೆಗೆ ಕರೆದುಕೊಂಡು ಹೋದೆ.

ಅವರು ಚಾಪೆಯ ಮೇಲೆ ಕೂತು, ಚಹಾ ಕುಡಿದು, ಚೀಲದಿಂದ ಒಂದು ಶಾಲು ತೆಗೆದು ಮಡಿಲಲ್ಲಿಟ್ಟುಕೊಂಡರು. ಆಮೇಲೆ ಉದ್ದನೆಯ ಒಂದು ಕಾಗದ ಬಿಚ್ಚಿ ಅದರಲ್ಲಿದ್ದ ಗೆರೆಗಳ ಸಾಲಿನಲ್ಲಿ ಒಂದನ್ನು ಬೆರಳಿಟ್ಟು ತೋರಿಸಿದರು. “ಇದು ನಿಮ್ಮ ಯಜಮಾನರದು ಅಮ್ಮಾ. ಏಳು ವರ್ಷದಲ್ಲಿ ಉಳಿದ ಗೆರೆಗಳು ಅಷ್ಟೋ ಇಷ್ಟೋ ಅಲುಗಾಡಿವೆ. ಅವರಿಗೆ ಜ್ವರ ಬಂದ ಆ ಎರಡು ದಿನ ಬಿಟ್ಟರೆ ಇದೊಂದು ಯಾವತ್ತೂ ತಪ್ಪಿಲ್ಲ. ಐದು ತಿಂಗಳಿಂದ ಸ್ವಲ್ಪ ತೆಳ್ಳಗಾಗಿದೆ. ವಯಸ್ಸಾಯಿತಲ್ಲ, ಕೈ ಹಗುರಾಗಿರಬೇಕು ಅಂದುಕೊಂಡ್ವಿ. ಆದರೂ ದಿನಾ ಬಂದಿದೆ. ನಿನ್ನೆ ಕೂಡ.”

ಜೈತುನಬಿ ಕಾಗದವನ್ನು ನೋಡುತ್ತ ಉಳಿದಳು. ಶುಕ್ರನ ಗಾಳಿಯ ಬಗ್ಗೆ ಬರೆದ ಕೊನೆಯ ವರದಿ ಅಚ್ಚಿಗೆ ಹೋಗಲಿದೆ, ಅದರಲ್ಲಿ ಈ ಗೆರೆಯನ್ನು ದಾವಲ ಗೆರೆಯೆಂದೇ ನಮೂದಿಸಿ, ಇದು ಭೂಮಿಯದು, ಶುಕ್ರನದಲ್ಲ ಎಂದು ಹೊಡೆದು ಹಾಕಿದ್ದೇವೆ ಎಂದು ಅವರು ವಿವರಿಸುತ್ತಿದ್ದರು. ನಾನು ನೆಲ ನೋಡುತ್ತಿದ್ದೆ. ಇನ್ನು ಹತ್ತು ದಿನ ಸುಮ್ಮನಿದ್ದರೆ ಎಲ್ಲ ಮುಗಿಯುತ್ತದೆ ಎಂಬ ಲೆಕ್ಕ ಒಳಗೆ ನಡೆದಿತ್ತು.

ಆ ಹೊತ್ತಿನಲ್ಲಿ ಅವಳ ಮನಸ್ಸಿನಲ್ಲಿ ಏನಿತ್ತು ಎಂದು ಆಮೇಲೆ ಅವಳೇ ನನಗೆ ಹೇಳಿದ್ದಾಳೆ. ಮೊದಲಿಗೆ ಹಿಗ್ಗಿದಳಂತೆ. ತಾನು ಒಲೆ ಹಚ್ಚದಿದ್ದರೂ ಗೆರೆ ಬರುತ್ತಿದೆ ಎಂದರೆ ಅವನೇ ಅಲ್ಲಿ ನಿಂತು ಹಾಕುತ್ತಿದ್ದಾನೆ ಎಂದು, ಒಂದು ಗಳಿಗೆ, ಮೈ ಜುಮ್ಮೆಂದಿತಂತೆ. ಮರುಗಳಿಗೆಗೆ ಆ ಮಾತು ನಿಲ್ಲಲಿಲ್ಲ. ದಾವಲಸಾಬ ಎಂದೂ ಹಗುರ ಕೈಯಲ್ಲಿ ಕಲಾಯಿ ಹಾಕಿದವನಲ್ಲ. ತೆಳ್ಳಗಿನ ಗೆರೆ ಅವನದಾಗಲಾರದು. ಹಾಗಾದರೆ ಅದು ಬೇರೆ ಯಾರದೋ, ಬೇರೆ ಯಾವುದೋ. ಸುಮ್ಮನಿದ್ದರೆ ಗಂಡನ ಹೆಸರು ಅಚ್ಚಾಗಿ ಉಳಿಯುತ್ತದೆ, ಇಂದವ್ವನ ಕೆಲಸವೂ ಉಳಿಯುತ್ತದೆ. ಬಾಯಿ ಬಿಟ್ಟರೆ ಎರಡೂ ಹೋಗುತ್ತವೆ. ಅವಳು ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಕೇಳುವುದಿತ್ತು. ನಾನು ಹೌದು ಎನ್ನಲಿಲ್ಲ, ಬೇಡ ಎನ್ನುವ ಧೈರ್ಯವೂ ಆಗಲಿಲ್ಲ. ಅದನ್ನೇ ಅವಳು ಒಪ್ಪಿಗೆ ಎಂದುಕೊಂಡಳು.

“ಸಾಹೇಬ್ರ, ನಿನ್ನೆ ಗೆರಿ ಬಂದಿದ್ದು ಖರೇನಾ?”

“ಖರೆ ಅಮ್ಮಾ. ನಾನೇ ನೋಡಿದ್ದೇನೆ.”

“ಹಂಗಾರ ಅದು ನಮ್ಮವರದಲ್ಲ.”

ಎದ್ದು ಅವರನ್ನು ಅಂಗಳಕ್ಕೆ ಕರೆದೊಯ್ದಳು. ಕುಣಿಒಲೆಯಲ್ಲಿ ಬೂದಿ ಗಟ್ಟಿಯಾಗಿ ಕೂತಿತ್ತು. ಪಕ್ಕದ ಮನೆಯ ಕೋಳಿ ಅದರೊಳಗೆ ಮೂರು ಮೊಟ್ಟೆಯಿಟ್ಟು ಕಾವು ಕೂತಿತ್ತು. ನಮ್ಮನ್ನು ನೋಡಿ ಗುರುಗುಟ್ಟಿತು, ಏಳಲಿಲ್ಲ. “ಮೊಹರಂ ಆದಾಗಿಂದ ನಾ ಒಲಿ ಹಚ್ಚಿಲ್ರಿ. ಈ ಹುಡಿಗಿ ನನ್ನ ಉಸುರು ಉಳಿಸಾಕ ಸುಳ್ಳ ಬರದಾಳ. ತಪ್ಪು ನಂದು,” ಎಂದಳು. ತಪ್ಪು ನನ್ನದೇ, ಗುರುತು ಹಾಕಿದ ಕೈ ನನ್ನದು ಎಂದು ನಾನೂ ಹೇಳಿದೆ.

ಅನಂತಶಯನರು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಅಂಗಳದ ಮಣ್ಣಿನಲ್ಲೇ ಕೂತುಬಿಟ್ಟರು. ಯಾವ ತಾರೀಖಿನಿಂದ ಎಂದು ನನ್ನನ್ನು ಮೂರು ಸಲ ಕೇಳಿದರು. ಮೂರು ಸಲವೂ ಅದೇ ಹೇಳಿದೆ. ಕೈಯಲ್ಲಿದ್ದ ಕಾಗದ ಬಿಚ್ಚಿ, ಗೆರೆ ತೆಳ್ಳಗಾದ ಜಾಗಕ್ಕೆ ಬೆರಳು ಒಯ್ದರು. “ಹಾಗಾದರೆ ಇದು ಅಲ್ಲಿಯದು,” ಎಂದರು, ನಮಗಲ್ಲ, ಕೋಳಿಗೆ ಹೇಳುವವರ ಹಾಗೆ. “ಏಳು ವರ್ಷ ಅಲ್ಲಿಯದನ್ನ ಇಲ್ಲಿಯದು ಅಂತ ಹೊಡೆದು ಹಾಕ್ತಾ ಬಂದಿದ್ದೇವೆ.” ಶುಕ್ರನ ಮೋಡಗಳಲ್ಲಿ ಅಂಥ ಗಾಳಿ ಇರಬಾರದಂತೆ. ಇದ್ದರೆ, ಅದನ್ನು ಮಾಡುವಂಥದ್ದು ಏನೋ ಅಲ್ಲಿ ನಡೆಯುತ್ತಿರಬೇಕಂತೆ. ಏನು ಎಂದು ನಾನು ಕೇಳಿದೆ. ಗೊತ್ತಿಲ್ಲ ಎಂದರು. ಗೊತ್ತಿಲ್ಲ ಎನ್ನುವಾಗ ಅಷ್ಟು ಸಂತೋಷಪಟ್ಟ ಮನುಷ್ಯನನ್ನು ನಾನು ಆಮೇಲೆ ನೋಡಿಲ್ಲ.

ಜೈತುನಬಿಗೆ ಹೇಳುವುದು ಇನ್ನೊಂದಿತ್ತು. “ಆ ಕಾಗದದಾಗ ಅವರ ಹೆಸರು ಬರದೀರಲ್ಲ, ತಗದುಬಿಡ್ರಿ. ಅವರು ಅಷ್ಟು ದೂರ ಹೋದವರಲ್ಲ. ಇಲ್ಲೇ ಕಬರಸ್ತಾನದಾಗ ಅದಾರ.” ಅನಂತಶಯನರು ಅವಳ ಮುಂದೆ ಶಾಲು ಹಿಡಿದರು. ಈಗ ಬೇಡ ಎಂದಳು.

ಸುದ್ದಿ ಸಂಜೆಯೊಳಗೆ ಊರು ಮುಟ್ಟಿತು. ಜನ ನಮ್ಮನ್ನು ಹೇಗೆ ನೋಡುತ್ತಾರೋ ಎಂದು ನಾನು ಮನೆಯಿಂದ ಹೊರಬರಲಿಲ್ಲ. ಆದರೆ ಆ ಓಣಿಯಲ್ಲಿ ಎಲ್ಲರಿಗೂ ಮೊದಲೇ ಗೊತ್ತಿತ್ತಂತೆ. ಮೂಗು ನನ್ನೊಬ್ಬಳಿಗೇ ಇರಲಿಲ್ಲವಲ್ಲ. ಅವಳ ಕೆಮ್ಮು ನಿಂತದ್ದನ್ನು ಕೇಳಿ ಸುಮ್ಮನಿದ್ದರು. ಮರುದಿನ ಗುರುಪಾದಪ್ಪ ಕಚೇರಿಗೆ ಬಂದು, ತಾನೂ ಎರಡು ವರ್ಷದಿಂದ ತಟ್ಟೆಗೆ ಒಂದೇ ಬನ್ನು ಇಟ್ಟು ಸುಡುತ್ತಿದ್ದೇನೆ, ಉಳಿದವನ್ನು ಸುಡಲು ಕೈ ಬರುತ್ತಿರಲಿಲ್ಲ ಎಂದು ಒಪ್ಪಿಕೊಂಡ. ಸಾಹೇಬರು ತಲೆ ಹಿಡಿದುಕೊಂಡರು.

ಕೇಂದ್ರದಲ್ಲಿ ಉಳಿದ ವಿಜ್ಞಾನಿಗಳು ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಒಬ್ಬ ಮುದುಕಿಯ, ಒಬ್ಬ ಸುಳ್ಳುಗಾರ್ತಿಯ ಮಾತಿನ ಮೇಲೆ ಒಂದು ಗ್ರಹದ ಗಾಳಿಯನ್ನು ನಿರ್ಧರಿಸಲಾದೀತೇ ಎಂದು ಕೇಳಿದರಂತೆ. ಕೇಳಿದ್ದು ತಪ್ಪೂ ಅಲ್ಲ. ಕೊನೆಗೆ ಒಂದು ದಾರಿ ಕಂಡಿತು. ನೌಕೆ ಮುಳುಗಲು ಐದು ದಿನ ಉಳಿದಾಗ, ಒಂದೇ ದಿನ, ಮೊದಲಿನ ಹಾಗೆ ಪೂರ್ತಿ ಕಲಾಯಿ ಹಾಕಬೇಕು. ಅಂದು ಗೆರೆ ದಪ್ಪವಾಗಿ, ಮರುದಿನ ಮತ್ತೆ ತೆಳ್ಳಗಾದರೆ, ಆ ತೆಳ್ಳನೆಯದು ಶುಕ್ರನದು. ಡಾಕ್ಟರು ಬೇಡವೆಂದರು. ಬೇರೆ ಯಾರಿಗಾದರೂ ಕಲಿಸಿದರೆ ಸಾಲದೇ ಎಂದು ಅನಂತಶಯನರೇ ಕೇಳಿದರು. ಐದು ದಿನದಲ್ಲಿ ಬೆರಳಿಗೆ ಅಳತೆ ಬರುವುದಿಲ್ಲ, ಒಂದು ದಿನಕ್ಕೆ ತಾನು ಸಾಯುವುದೂ ಇಲ್ಲ ಎಂದು ಅವಳು ಹೇಳಿದಳು.

ಆದರೆ ಅವಳು ಒಂದು ಷರತ್ತು ಹಾಕಿದಳು. ಏಳು ವರ್ಷ ಆ ಕೊಪ್ಪರಿಗೆಗೆ ಕಲಾಯಿ ಹಾಕಿದ್ದೇ ಹಾಕಿದ್ದು, ಅದರಲ್ಲಿ ಒಂದು ಸೇರು ಅಕ್ಕಿಯೂ ಬೇಯಲಿಲ್ಲ; ಈ ಸಲ ಕೊಪ್ಪರಿಗೆಯ ಜೊತೆಗೆ ಯಾರಾದರೂ ಅಡಿಗೆ ಮಾಡುವ ಪಾತ್ರೆ ಬೇಕು ಎಂದಳು. ನಾನು ಅಟ್ಟದಿಂದ ನನ್ನ ಅವ್ವನ ಹಿತ್ತಾಳೆ ಬೋಗುಣಿ ಇಳಿಸಿಕೊಂಡು ಹೋದೆ. ನಾನು ಹೋಗುವಷ್ಟರಲ್ಲಿ ಓಣಿಯವರೆಲ್ಲ ತಂದು ಸಾಲಾಗಿ ಇಟ್ಟಿದ್ದರು: ಮಜ್ಜಿಗೆಯ ತಪೇಲಿ, ಹಾಲಿನ ಚರಿಗೆ, ಯಾರ ಮದುವೆಯಲ್ಲಿ ಯಾರು ಕೊಟ್ಟರೋ ಮರೆತುಹೋದ ಪರಾತಗಳು. ಕೋಳಿಯನ್ನು ಮೊಟ್ಟೆಗಳ ಸಮೇತ ಒಂದು ಬುಟ್ಟಿಗೆ ಎತ್ತಿಟ್ಟೆವು. ಜೈತುನಬಿ ಸೆರಗು ಬಿಗಿದು, ಎರಡು ಕೈಯಿಂದ ಗೋಡೆ ಹಿಡಿದು ಕೊಪ್ಪರಿಗೆಯೊಳಗೆ ಇಳಿದು, ಮರಳಿನ ಮೇಲೆ ನಿಂತು ಸೊಂಟ ತಿರುವಿ ಉಜ್ಜಿದಳು. ಯಾರೂ ನಗಲಿಲ್ಲ. ಅವಳೇ ಸ್ವಲ್ಪ ನಕ್ಕಳು.

ನಾಲ್ಕಕ್ಕೆ ಮೂರು ಚಿಟಿಕೆ, ಮೇಲೊಂದು ಅರೆ ಚಿಟಿಕೆ. ಹೊಗೆ ಎದ್ದಿತು. ತವರದ ಕಡ್ಡಿ ಕರಗಿ, ಅವಳು ಸವರಿದ ಅರಳೆಯ ಹಿಂದೆ ಬೆಳ್ಳಿಯಂತೆ ಹರಿಯಿತು. ಆಮೇಲೆ ನನ್ನ ಬೋಗುಣಿ, ಆಮೇಲೆ ಯಾರದೋ ತಪೇಲಿ. ಅಷ್ಟರಲ್ಲಿ ಕೆಮ್ಮು ಬಂತು, ಸಾಕು ಎಂದು ನಾನು ತಿದಿ ಹಿಡಿದೆ. ಹೊಗೆ ಕರಗುವವರೆಗೆ ಅವಳು ಅಂಗಳದ ನಡುವೆ ನಿಂತಿದ್ದಳು. ಬಂದವರನ್ನು ಬೀಳ್ಕೊಡುವಾಗ ನಿಲ್ಲುತ್ತಾರಲ್ಲ, ಹಾಗೆ. ಅಲ್ಲೇ ಇದ್ದ ಅನಂತಶಯನರ ಕಡೆ ತಿರುಗಿ, “ಈಗ ಕೊಡ್ರಿ ಆ ಶಾಲು,” ಎಂದಳು.

ಆ ದಿನ ಗೆರೆ ದಪ್ಪಗಾಯಿತು. ಮರುದಿನ ತೆಳ್ಳಗಾಯಿತು. ಅದರ ಮರುದಿನವೂ ತೆಳ್ಳಗೇ ಇತ್ತು. ವರದಿಯನ್ನು ಅಚ್ಚಿನಿಂದ ವಾಪಸು ತರಿಸಿ ಮತ್ತೆ ಬರೆದರು. ಅವಳು ಹೇಳಿದಂತೆ ದಾವಲಸಾಬನ ಹೆಸರು ತೆಗೆದು ಒಂದು ಅಂಕಿ ಹಾಕಿದರು. ಆ ಅಂಕಿಯ ಬಗ್ಗೆ ಈಗ ದೊಡ್ಡ ದೊಡ್ಡ ಊರುಗಳಲ್ಲಿ ವಾದ ನಡೆಯುತ್ತದೆ, ಇನ್ನೊಂದು ನೌಕೆ ಕಟ್ಟುತ್ತಿದ್ದಾರೆ ಎಂದು ಕೇಳುತ್ತೇನೆ. ನನ್ನನ್ನು ಕೆಲಸದಿಂದ ತೆಗೆದರು. ಅನಂತಶಯನರು ನನ್ನ ಪರವಾಗಿ ಎರಡು ಪತ್ರ ಬರೆದರು. ಅವುಗಳಿಗೆ ಉತ್ತರ ಬರುವ ಮೊದಲೇ ನೌಕೆ ಶುಕ್ರನ ಮೋಡಗಳಲ್ಲಿ ಮುಳುಗಿ, ಗಾಳಿ ಕಚೇರಿಗೇ ಬೀಗ ಬಿತ್ತು. ಜೈತುನಬಿಯ ಟ್ರಂಕಿನಲ್ಲಿದ್ದ ಆ ಕಾಗದ ಏನಾಯಿತೆಂದು ನಾನು ಕೇಳಲಿಲ್ಲ.

ಮುಂದಿನ ವಾರ ಅವಳು ಮಗಳ ಊರಿಗೆ ಹೊರಟಳು. ಒಬ್ಬಳೇ ಹೋಗಲು ಅಂಜಿ ನನ್ನನ್ನೂ ಕರೆದಳು. ನನಗೂ ಊರಲ್ಲಿ ಮಾಡಲು ಕೆಲಸವಿರಲಿಲ್ಲ. ಮಧ್ಯಾಹ್ನ ಒಂದರ ಬಸ್ಸು. ಅವಳು ಕಿಟಕಿಯ ಪಕ್ಕ ಕೂತು, ಶಾಲು ಹೊದ್ದು, ಹೊಲಗಳನ್ನು ನೋಡುತ್ತ ನೋಡುತ್ತ ನಿದ್ದೆಹೋದಳು. ಶಮೀನಾ ಬಾಗಿಲಲ್ಲೇ ಜಗಳ ತೆಗೆದಾಳೋ, ಒಳಗೆ ಕರೆದಾಳೋ ಎಂದು ನಾನು ಯೋಚಿಸುತ್ತಿದ್ದೆ. ಎಲ್ಲೋ ಒಂದು ಸೇತುವೆಯ ಮೇಲೆ ಬಸ್ಸು ಕುಲುಕಿದಾಗ ಅವಳಿಗೆ ಎಚ್ಚರವಾಯಿತು.

“ಗಂಟೆ ಎಷ್ಟಾತು ಇಂದವ್ವ?”

ಐದಕ್ಕೆ ಹತ್ತು ನಿಮಿಷ ಇದೆ ಎಂದೆ. ಅವಳು ಹೊರಗೆ ನೋಡಿದಳು. “ನಾಲ್ಕು ಹೋಗಿದ್ದು ಗೊತ್ತ ಆಗಲಿಲ್ಲ ನೋಡು,” ಎಂದು, ಚುನಮರಿಯ ಪೊಟ್ಟಣ ಬಿಚ್ಚಿ ನನ್ನ ಅಂಗೈಗೆ ಸುರಿದಳು. ಕಿಟಕಿಯಿಂದ ಯಾವುದೋ ಊರಿನ ಗಾಳಿ ಒಳಗೆ ಬರುತ್ತಿತ್ತು. ಅದರಲ್ಲಿ ಏನೇನಿದೆ ಎಂದು ನಾನು ಎಣಿಸಲಿಲ್ಲ.